ಗಾಡಿ ಕೊಟ್ಟಿಗೆಯಲ್ಲೊಂದು ಬಗ್ಗಿ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಅಕ್ಕ ದೂರವಾಣಿಯಲ್ಲಿ ಹೇಳಿದ ಮಾತು ಒಂದೇ: "ನೀನು ಬಂದು ಅವನಿಗೆ ಬುದ್ಧಿ ಹೇಳು. ಮೇಷ್ಟರ ಮಾತನ್ನಾದರೂ ಕೇಳುತ್ತಾನೋ ನೋಡೋಣ." ಅವನು ಎಂದರೆ ನನ್ನ ಸೋದರಳಿಯ, ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿ. ಪರೀಕ್ಷೆ ಮುಗಿಸಿ ಊರಿಗೆ ಬಂದವನು ಹಗಲಿರುಳೂ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕಬ್ಬಿಣ ಕುಯ್ಯುತ್ತ ಕುಳಿತಿದ್ದಾನೆಂಬುದೂ, ಗುಜರಿಯಿಂದ ಹಳೆಯ ಕಾರೊಂದನ್ನು ತಂದು ಅಂಗಳದಲ್ಲಿ ಕೆಡವಿದ್ದಾನೆಂಬುದೂ, ಅದನ್ನು ರೇಸಿನ ಬಗ್ಗಿಯಾಗಿ ಮಾಡುತ್ತಾನಂತೆ ಎಂಬುದೂ ಆಕೆಯ ದೂರಿನ ಸಾರ. ದೂರಿಗಿಂತ ಭಯವೇ ಹೆಚ್ಚಾಗಿತ್ತೆಂದು ಧ್ವನಿಯಿಂದ ತಿಳಿಯಿತು.

ಬಗ್ಗಿ ಎಂಬ ಮಾತು ನನಗೆ ಗೊತ್ತಿದ್ದುದು ಕುದುರೆಯ ಗಾಡಿಗೆ ಸಂಬಂಧಿಸಿದಂತೆ ಮಾತ್ರ. ಹಿಂದೆ ದೊರೆಗಳೂ ಜಿಲ್ಲೆಯ ಸಾಹೇಬರೂ ಏರಿ ಹೋಗುತ್ತಿದ್ದ ಹಗುರವಾದ ಎರಡು ಆಸನದ ಗಾಡಿಗೆ ಬಗ್ಗಿ ಎಂದು ಹೆಸರು. ಆ ಹೆಸರು ಕುದುರೆಯನ್ನು ಬಿಟ್ಟು ಎಂಜಿನ್ನನ್ನು ಹೇಗೆ ಹಿಡಿಯಿತೆಂಬ ಕುತೂಹಲವೊಂದು ನನ್ನ ಮನಸ್ಸಿನ ಮೂಲೆಯಲ್ಲಿ ಇದ್ದಿತಾದರೂ, ತಿಪಟೂರಿನ ಬಸ್ಸು ಹತ್ತಿದಾಗ ನಾನು ಬುದ್ಧಿ ಹೇಳುವುದಕ್ಕೆಂದೇ ಹೊರಟಿದ್ದೆ.

ಕೊಟ್ಟಿಗೆ ನಮ್ಮ ತಂದೆಯವರ ಕಾಲದ್ದು. ಅಲ್ಲಿ ಎತ್ತಿನ ಗಾಡಿ ನಿಲ್ಲುತ್ತಿತ್ತು. ಗಾಡಿ ಹೋಗಿ ಎಷ್ಟೋ ವರ್ಷಗಳಾಗಿದ್ದರೂ ಗೋಡೆಗೆ ಒರಗಿಸಿದ ಒಂದು ಚಕ್ರ ಹಾಗೆಯೇ ಉಳಿದಿದೆ. ಗುಂಬ, ಅರೆಕಾಲು, ಕಬ್ಬಿಣದ ಪಟ್ಟಿ ಎಲ್ಲವೂ ಸರಿಯಾಗಿವೆ, ಕಡಾಣಿ ಮಾತ್ರ ಕಳೆದಿದೆ. ಆ ಚಕ್ರದ ಎದುರಿಗೆ, ನಾಲ್ಕು ಸೈಜುಗಲ್ಲುಗಳ ಮೇಲೆ, ಪಂಜರದಂತೆ ಕಾಣುವ ಪೈಪುಗಳ ಕಟ್ಟೊಂದು ಕುಳಿತಿತ್ತು. ಅದರ ಹಿಂಭಾಗದಲ್ಲಿ ಮಾರುತಿ ೮೦೦ ಕಾರಿನ ಎಂಜಿನ್ನು ಹಗ್ಗದಲ್ಲಿ ತೂಗುತ್ತಿತ್ತು. ಹುಡುಗನು ಎಣ್ಣೆಮೆತ್ತಿದ ಕೈಯನ್ನು ಮೊಣಕೈಯಿಂದ ಒರೆಸಲು ನೋಡುತ್ತ, "ಬನ್ನಿ ಮಾವ, ಒಳ್ಳೇ ಹೊತ್ತಿಗೆ ಬಂದ್ರಿ. ಈ ತುದಿ ಸ್ವಲ್ಪ ಎತ್ತಿ ಹಿಡೀತೀರಾ?" ಎಂದನು. ಬುದ್ಧಿ ಹೇಳಲು ಹೋದವನು ಕೈಚೀಲವನ್ನು ಕೆಳಗಿಟ್ಟು ಎಂಜಿನ್ನು ಹಿಡಿದು ನಿಂತೆ.

ನಡೆದಿದ್ದೇನೆಂದರೆ, ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ವಾಹನವನ್ನು ಕಟ್ಟಿ ಮಣ್ಣಿನ ಹಾದಿಯಲ್ಲಿ ಓಡಿಸಿ ತೋರಿಸುವ ಸ್ಪರ್ಧೆಯೊಂದು ನಮ್ಮ ದೇಶದಲ್ಲಿದೆ. ಬಾಹಾ ಎಂದು ಅದರ ಹೆಸರು. ನಮ್ಮ ಹುಡುಗರು ಬಾಜಾ ಎನ್ನುತ್ತಾರೆ, ಕೇಳಿದವರಿಗೆ ಬಾಜಾಬಜಂತ್ರಿಯ ನೆನಪಾಗುತ್ತದೆ. ಅಮೆರಿಕೆಯ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ೧೯೭೬ರಲ್ಲಿ ಮೊದಲಾದ ಈ ಸ್ಪರ್ಧೆ ೨೦೦೭ರಲ್ಲಿ ಇಂದೂರಿನ ಬಳಿಯ ಪೀಥಂಪುರಕ್ಕೆ ಬಂದಿತು. ಕರ್ನಾಟಕದ ಕಾಲೇಜುಗಳ ತಂಡಗಳೂ ಅಲ್ಲಿಗೆ ಹೋಗುತ್ತವೆ. ತನ್ನ ಕಾಲೇಜಿನ ತಂಡದಲ್ಲಿ ಇವನಿಗೆ ಸ್ಥಾನ ಸಿಕ್ಕಲಿಲ್ಲ. ಯಾಕೆ ಸಿಕ್ಕಲಿಲ್ಲವೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೇಷ್ಟರಾಗಿ ಇಪ್ಪತ್ತು ವರ್ಷ ಕಳೆದವನಿಗೆ ಪಟ್ಟಿಯಲ್ಲಿ ಹೆಸರಿಲ್ಲದ ಹುಡುಗನ ಮುಖವನ್ನು ಓದುವುದು ಕಷ್ಟವಲ್ಲ. "ತಂಡ ಇಲ್ದಿದ್ರೆ ಏನು, ನಾನೇ ಕಟ್ತೀನಿ" ಎಂದು ಅವನು ಊರಿಗೆ ಬಂದಿದ್ದನು.

ನಾನು ನನ್ನ ಉಪದೇಶವನ್ನು ಆ ರಾತ್ರಿ ಊಟವಾದ ಮೇಲೆ ಒಪ್ಪಿಸಿದೆನು. ಹಣ, ಸಮಯ, ಅಪಾಯ, ತಾಯಿಯ ಚಿಂತೆ, ಯಾವುದನ್ನೂ ಬಿಡಲಿಲ್ಲ. ಅವನು ಎದುರಾಡದೆ ಎಲ್ಲವನ್ನೂ ಕೇಳಿದನು. ಬಳಿಕ ಒಳಗೆ ಹೋಗಿ ಮಸಿಹತ್ತಿದ ಒಂದು ಕಟ್ಟು ಹಾಳೆಗಳನ್ನು ತಂದು ನನ್ನ ಹಾಸಿಗೆಯ ಮೇಲಿಟ್ಟನು. "ಇದನ್ನ ಓದಿ ಮಾವ. ಓದಿದ ಮೇಲೂ ಬೇಡ ಅಂದ್ರೆ ಬೇಡ." ಓದುವುದು ನನ್ನ ಉದ್ಯೋಗ, ಅದಕ್ಕೆ ಒಲ್ಲೆನೆನ್ನುವುದು ಹೇಗೆ? ಹೀಗೆ ನನಗೆ ಬ್ರೂಸ್ ಮೇಯರ್ಸ್‌ನ ಪರಿಚಯವಾಯಿತು.

ಮೇಯರ್ಸ್ ಹುಟ್ಟಿದ್ದು ೧೯೨೬ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಅವನು ಇಂಜಿನಿಯರನಲ್ಲ, ಕಾರಿನ ಕಾರ್ಖಾನೆಯವನೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಬಂಕರ್ ಹಿಲ್ ಎಂಬ ವಿಮಾನವಾಹಕ ಹಡಗಿನಲ್ಲಿ ನಾವಿಕನಾಗಿದ್ದನು. ೧೯೪೫ರ ಮೇ ೧೧ರಂದು ಓಕಿನಾವಾದ ಸಮೀಪ ಎರಡು ಜಪಾನೀ ಆತ್ಮಾಹುತಿ ವಿಮಾನಗಳು ಆ ಹಡಗಿನ ಮೇಲೆರಗಿದವು. ನೂರಾರು ಮಂದಿ ಸತ್ತರು. ಹೊತ್ತಿ ಉರಿಯುವ ಹಡಗಿನಿಂದ ಸಮುದ್ರಕ್ಕೆ ಧುಮುಕಿ ಉಳಿದವರಲ್ಲಿ ಇವನೂ ಒಬ್ಬ. ಯುದ್ಧ ಮುಗಿದ ಮೇಲೆ ಚಿತ್ರಕಲಾಶಾಲೆಗೆ ಸೇರಿದನು. ಕಡಲತಡಿಯಲ್ಲಿ ಬೆಳೆದವನಾದುದರಿಂದ ಅಲೆಯ ಮೇಲೆ ಜಾರುವ ಹಲಗೆಗಳನ್ನು ಮಾಡಿದನು. ಹಾಯಿದೋಣಿ ಕಟ್ಟುವ ಕಡೆ ಕೆಲಸ ಮಾಡಿ ಫೈಬರ್‌ಗ್ಲಾಸಿನ ಗುಟ್ಟನ್ನು ಕಲಿತನು. ಕೈಗೆ ಚಿತ್ರಗಾರನ ರೇಖೆಯೂ ದೋಣಿಗಾರನ ಸಾಮಗ್ರಿಯೂ ಒದಗಿದ್ದವು. ಕಾರು ಆಮೇಲಿನ ಮಾತು.

ಕ್ಯಾಲಿಫೋರ್ನಿಯದ ಕರಾವಳಿಯಲ್ಲಿ ಪಿಸ್ಮೋ ಬೀಚ್ ಎಂಬಲ್ಲಿ ದೊಡ್ಡ ದೊಡ್ಡ ಮರಳುದಿಣ್ಣೆಗಳಿವೆ. ಅಲ್ಲಿಗೆ ರಜೆಯ ದಿನ ಜನ ತಾವೇ ಮಾಡಿಕೊಂಡ ವಾಹನಗಳನ್ನು ತರುತ್ತಿದ್ದರು. ಕೆಲವರದು ನೀರಿನಿಂದ ತಣಿಸುವ ಭಾರಿ ಎಂಜಿನ್ನು. ಬಲವುಂಟು, ತೂಕವೂ ಉಂಟು. ಕೆಲವರು ಮಾತ್ರ ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಮೈಯನ್ನೆಲ್ಲ ಕಳಚಿ, ಅದರ ತಳವನ್ನೂ ಎಂಜಿನ್ನನ್ನೂ ಉಳಿಸಿಕೊಂಡು ಓಡಿಸುತ್ತಿದ್ದರು. ಅವು ನೋಡಲು ವಿಕಾರ. ಆದರೆ ದೈತ್ಯ ಎಂಜಿನ್ನುಗಳು ಮರಳಿನಲ್ಲಿ ಹೂತು ನಿಂತಾಗ ಇವು ಮೇಲೇರಿ ಹೋಗುತ್ತಿದ್ದವು.

ಇದರ ಕಾರಣವನ್ನು ಹುಡುಗನು ನನಗೆ ಮರುದಿನ ನೆಲದ ಮೇಲೆ ಕಡ್ಡಿಯಿಂದ ಗೀಚಿ ತಿಳಿಸಿದನು. ಬೀಟಲಿನ ಎಂಜಿನ್ನು ಇರುವುದು ಹಿಂದುಗಡೆ, ಎಳೆಯುವ ಗಾಲಿಗಳ ಮೇಲೆಯೇ. ಭಾರವೆಲ್ಲ ಆ ಗಾಲಿಗಳ ಮೇಲೆ ಬಿದ್ದು ಅವು ಮರಳನ್ನು ಕಚ್ಚುತ್ತವೆ. ಮುಂದಿನ ಗಾಲಿಗಳು ಹಗುರವಾಗಿ ಮೇಲ್ಮೈಯಲ್ಲಿ ತೇಲಿ ಹೋಗುತ್ತವೆ. ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಅದರ ಹೆಜ್ಜೆ ಇನ್ನೂ ಅಗಲವಾಗುತ್ತದೆ. ಒಂಟೆಯ ಪಾದದ ಹಾಗೆ. ಆ ಎಂಜಿನ್ನನ್ನು ತಣಿಸುವುದು ಗಾಳಿ. ಆದ್ದರಿಂದ ರೇಡಿಯೇಟರು ಒಡೆಯುವ, ನೀರು ಕುದಿಯುವ ತಾಪತ್ರಯವಿಲ್ಲ. ಬಡವರಿಗೆಂದು ಮಾಡಿದ ಸಾಧುವಾದ ಊರಕಾರು ಅರಿಯದಂತೆಯೇ ಮರಳುಗಾಡಿಗೆ ಹೇಳಿಮಾಡಿಸಿದಂತಿದ್ದಿತು.

ಮೇಯರ್ಸ್ ಇದನ್ನು ನೋಡಿ ನ್ಯೂಪೋರ್ಟ್ ಬೀಚಿನ ತನ್ನ ಪುಟ್ಟ ಗ್ಯಾರೇಜಿಗೆ ಮರಳಿದನು. ವಿಕಾರವಾದುದನ್ನು ಸುಂದರವಾಗಿ ಮಾಡಬೇಕೆಂಬುದು ಅವನ ಹಂಬಲ. ಫೈಬರ್‌ಗ್ಲಾಸಿನ ಕೆಲಸ ನಮ್ಮಲ್ಲಿ ಗಣಪತಿ ಮಾಡುವ ಅಚ್ಚಿನ ಕೆಲಸವನ್ನು ಹೋಲುತ್ತದೆ. ಮೊದಲು ಬೇಕಾದ ಆಕಾರವನ್ನು ಮರ, ಗಚ್ಚುಗಳಿಂದ ಮೂಡಿಸಿ ಉಜ್ಜಿ ನುಣುಪು ಮಾಡಬೇಕು. ಅದರಿಂದ ಅಚ್ಚು ತೆಗೆಯಬೇಕು. ಅಚ್ಚಿನ ಒಳಮೈಗೆ ಮೇಣ ಸವರಿ, ಬಣ್ಣದ ಪದರ ಬಳಿದು, ಅದರ ಮೇಲೆ ಗಾಜಿನ ನಾರಿನ ಚಾಪೆಯನ್ನು ಹಾಸಿ, ಅಂಟುರಾಳವನ್ನು ಕುಂಚದಿಂದ ತೋಯಿಸಿ, ಗುಳ್ಳೆಯೇಳದಂತೆ ಒತ್ತಿ, ಪದರದ ಮೇಲೆ ಪದರ ಕಟ್ಟಬೇಕು. ಅದು ಒಣಗಿ ಬಿಗಿದ ಮೇಲೆ ಅಚ್ಚಿನಿಂದ ಬಿಡಿಸಿದರೆ, ಬೆರಳಿನ ದಪ್ಪವೂ ಇಲ್ಲದ ಆ ತೊಗಟೆ ಮನುಷ್ಯನ ಭಾರವನ್ನು ಹೊರುತ್ತದೆ. ಹೊರುವುದು ದಪ್ಪದಿಂದಲ್ಲ, ಬಾಗಿನಿಂದ. ಮೊಟ್ಟೆಯ ಚಿಪ್ಪನ್ನು ಅಂಗೈಯಲ್ಲಿ ಹಿಡಿದು ಒತ್ತಿ ನೋಡಿದವರಿಗೆ ಇದು ಗೊತ್ತು.

೧೯೬೪ರಲ್ಲಿ ಮೊದಲ ಬಗ್ಗಿ ಸಿದ್ಧವಾಯಿತು. ಕೆಂಪು ಬಣ್ಣದ್ದಾದುದರಿಂದ ಮುಂದೆ ಅದಕ್ಕೆ ಓಲ್ಡ್ ರೆಡ್ ಎಂಬ ಹೆಸರು ನಿಂತಿತು. ಗಾಲಿಗಳ ಮೇಲೆ ಎತ್ತರಕ್ಕೆ ಬಾಗಿದ ಮಡ್‌ಗಾರ್ಡುಗಳು, ಕಪ್ಪೆಗಣ್ಣಿನಂತೆ ಉಬ್ಬಿದ ದೀಪಗಳು, ಬಾಗಿಲಿಲ್ಲ, ಮಾಡಿಲ್ಲ, ಹಿಂದೆ ಬಾಲವೂ ಇಲ್ಲ. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಬಾಲವಿಲ್ಲದ ಬೆಕ್ಕಿನ ತಳಿಯೊಂದಿದೆ, ಮ್ಯಾಂಕ್ಸ್ ಎಂದು. ಆ ಮೋಟುಬೆಕ್ಕಿನ ಹೆಸರನ್ನೇ ತನ್ನ ಬಗ್ಗಿಗೆ ಇಟ್ಟನು. ಹೆಸರಿಡುವಲ್ಲಿಯೂ ಅವನು ಕಲಾವಿದನೇ.

ಮೊದಲ ೧೨ ಬಗ್ಗಿಗಳಲ್ಲಿ ಮೈಯೇ ಚೌಕಟ್ಟೂ ಆಗಿತ್ತು. ದೋಣಿಗೆ ಬೇರೆ ಅಸ್ಥಿಪಂಜರವಿಲ್ಲದ ಹಾಗೆ. ಅದು ಬಲು ಶ್ರಮದ ಕೆಲಸವೆಂದು ತಿಳಿದು ಅವನು ದಾರಿಯನ್ನು ಬದಲಿಸಿದನು: ಬೀಟಲಿನ ತಳವನ್ನು ಹಾಗೆಯೇ ಇಟ್ಟುಕೊಂಡು, ಅದರ ನಡುವಿನಿಂದ ೧೪ ಕಾಲು ಅಂಗುಲವನ್ನು ಕತ್ತರಿಸಿ ತೆಗೆದು, ಎರಡು ತುಂಡುಗಳನ್ನೂ ಹತ್ತಿರ ಸರಿಸಿ ಬೆಸೆದು, ಮೇಲೆ ಫೈಬರ್‌ಗ್ಲಾಸಿನ ಮೈಯನ್ನು ಬೋಲ್ಟಿನಿಂದ ಕೂರಿಸುವುದು. ಮುಂಗಾಲಿ ಹಿಂಗಾಲಿಗಳ ನಡುವೆ ಹೊಟ್ಟೆ ಉದ್ದವಾದಷ್ಟೂ ದಿಣ್ಣೆಯ ನೆತ್ತಿಗೆ ಅದು ತಗುಲಿ ನಿಲ್ಲುತ್ತದೆ. ಚಿಕ್ಕದಾದಷ್ಟೂ ದಾಟುತ್ತದೆ, ಚಿಕ್ಕ ಜಾಗದಲ್ಲಿ ತಿರುಗುತ್ತದೆ. ಈಗ ಮೈಯನ್ನು ಮಾತ್ರ ಮಾರಿದರೆ ಸಾಕು, ಕೊಂಡವನು ತನ್ನ ಮನೆಯ ಗ್ಯಾರೇಜಿನಲ್ಲಿಯೇ ಹಳೆಯ ಬೀಟಲೊಂದನ್ನು ಕುಯ್ದು ಬಗ್ಗಿಯನ್ನು ಕಟ್ಟಿಕೊಳ್ಳಬಹುದು. ಒಬ್ಬ ದೋಣಿಗಾರನ ಗ್ಯಾರೇಜಿನಲ್ಲಿ ಹುಟ್ಟಿದ್ದು ಸಾವಿರಾರು ಗ್ಯಾರೇಜುಗಳಿಗೆ ಹೊಕ್ಕಿದ್ದು ಹೀಗೆ.

ಬಾಹಾ ಎಂಬ ಹೆಸರಿನ ಕಥೆಯೂ ಇಲ್ಲಿಯೇ ಸಿಕ್ಕಿತು. ಸ್ಪ್ಯಾನಿಷ್ ಭಾಷೆಯಲ್ಲಿ ಬಾಹಾ ಎಂದರೆ ಕೆಳಗಿನದು. ಅಮೆರಿಕೆಯ ಗಡಿಯಿಂದ ಕೆಳಕ್ಕೆ, ಮೆಕ್ಸಿಕೋದ ಪಶ್ಚಿಮದಲ್ಲಿ ಬೆರಳಿನಂತೆ ಚಾಚಿಕೊಂಡ ಪರ್ಯಾಯದ್ವೀಪವೇ ಬಾಹಾ ಕ್ಯಾಲಿಫೋರ್ನಿಯ. ಅದರ ಉದ್ದಕ್ಕೂ ಡಾಂಬರು ರಸ್ತೆ ಪೂರ್ಣವಾದುದು ೧೯೭೩ರಲ್ಲಿ. ಅದಕ್ಕೆ ಮುಂಚೆ ಕಳ್ಳಿಗಿಡ, ಬಂಡೆ, ಒಣಹಳ್ಳ, ಹುಡಿಮಣ್ಣುಗಳ ನಡುವೆ ಗಾಲಿಯ ಗುರುತೇ ದಾರಿ. ೧೯೬೨ರಲ್ಲಿ ಡೇವ್ ಎಕಿನ್ಸ್ ಮತ್ತು ಬಿಲ್ ರಾಬರ್ಟ್‌ಸನ್ ಎಂಬಿಬ್ಬರು ಹೋಂಡಾ ಮೋಟಾರುಸೈಕಲುಗಳ ಮೇಲೆ ಗಡಿಯ ತಿಹುವಾನಾದಿಂದ ದಕ್ಷಿಣದ ಲಾ ಪಾಸ್ ನಗರಕ್ಕೆ ಹೋದರು. ಎಕಿನ್ಸ್‌ಗೆ ೪೦ ಗಂಟೆಗಿಂತ ತುಸು ಕಡಿಮೆ ಹಿಡಿಯಿತು. ಹೊರಟ ಹೊತ್ತಿಗೂ ತಲುಪಿದ ಹೊತ್ತಿಗೂ ಸಾಕ್ಷಿ, ಎರಡು ಊರುಗಳ ತಂತಿ ಕಚೇರಿಯ ಮುದ್ರೆ. ಪಂದ್ಯವಿಲ್ಲ, ತೀರ್ಪುಗಾರರಿಲ್ಲ, ಪ್ರೇಕ್ಷಕರೂ ಇಲ್ಲ. ಎರಡು ಟೆಲಿಗ್ರಾಂ ಮಾತ್ರ. ೧೯೬೭ರ ಏಪ್ರಿಲಿನಲ್ಲಿ ಮೇಯರ್ಸನೂ ಅವನ ಗೆಳೆಯ ಟೆಡ್ ಮ್ಯಾಂಗೆಲ್ಸನೂ ಓಲ್ಡ್ ರೆಡ್ಡಿನಲ್ಲಿ ಅದೇ ದೂರವನ್ನು ೩೪ ಗಂಟೆ ೪೫ ನಿಮಿಷಗಳಲ್ಲಿ ಮುಗಿಸಿದರು. ಗ್ಯಾರೇಜಿನ ಕೂಸು ಕಾರ್ಖಾನೆಯ ಮೋಟಾರುಸೈಕಲನ್ನು ಐದು ಗಂಟೆ ಹಿಂದೆ ಹಾಕಿತು. ಆ ಸುದ್ದಿ ಹಬ್ಬಿದ ಮೇಲೆ ಅದೇ ವರ್ಷದ ನವೆಂಬರಿನಲ್ಲಿ ಮೆಕ್ಸಿಕನ್ ೧೦೦೦ ಎಂಬ ಪಂದ್ಯವೇ ಏರ್ಪಟ್ಟಿತು. ಗೆದ್ದವರು ವಿಕ್ ವಿಲ್ಸನ್ ಮತ್ತು ಅದೇ ಮ್ಯಾಂಗೆಲ್ಸ್, ಮೇಯರ್ಸ್ ಮ್ಯಾಂಕ್ಸ್ ಬಗ್ಗಿಯಲ್ಲಿ, ೨೭ ಗಂಟೆ ೩೮ ನಿಮಿಷಗಳಲ್ಲಿ. ಇಂದಿಗೂ ನಡೆಯುವ ಬಾಹಾ ೧೦೦೦ ಪಂದ್ಯದ ಮೂಲ ಅದು. ಪೀಥಂಪುರದ ಹುಡುಗರು ಅರಿತೋ ಅರಿಯದೆಯೋ ಉಚ್ಚರಿಸುವುದು ಆ ಒಣನಾಡಿನ ಹೆಸರನ್ನೇ.

ಓದಿ ಮುಗಿಸಿದ ಬೆಳಿಗ್ಗೆ ನನ್ನ ಉಪದೇಶದ ಅರ್ಧ ಬಲ ಹೋಗಿತ್ತು. ಇನ್ನರ್ಧ ಹೋದುದು ಕೊಟ್ಟಿಗೆಯಲ್ಲಿ. ಹುಡುಗನು ಮಾಡುತ್ತಿದ್ದುದು ಮೇಯರ್ಸನು ಮಾಡಿದ್ದೇ, ನಮ್ಮ ನಾಡಿನ ಸಾಮಗ್ರಿಯಲ್ಲಿ. ಮಾರುತಿ ೮೦೦ ಕಾರಿನ ಮೂರು ಸಿಲಿಂಡರಿನ, ೭೯೬ ಸಿ.ಸಿ.ಯ ಎಂಜಿನ್ನೂ ಅದರ ಗೇರುಪೆಟ್ಟಿಗೆಯೂ ಒಂದಕ್ಕೊಂದು ಅಂಟಿಕೊಂಡು ಅಡ್ಡಲಾಗಿ ಕುಳಿತಿರುತ್ತವೆ. ಮುಂದಿನ ಗಾಲಿಗಳನ್ನು ಎಳೆಯುತ್ತವೆ. ಆ ಇಡೀ ಜೋಡಣೆಯನ್ನು ಗಾಲಿಗಳ ಸಮೇತ ಎತ್ತಿ ಹಿಂದಕ್ಕೆ ತಂದಿಟ್ಟರೆ ಬೀಟಲಿನ ವ್ಯವಸ್ಥೆ ಸಿದ್ಧಿಸುತ್ತದೆ. ಒಂದೇ ತೊಡಕು. ಅವು ತಿರುಗುವ ಗಾಲಿಗಳು. ಹಿಂದೆ ಬಂದ ಮೇಲೆ ತಿರುಗಬಾರದು. ಆದ್ದರಿಂದ ಸ್ಟಿಯರಿಂಗಿಗೆ ಕೂಡಿಕೊಂಡಿದ್ದ ಟೈ ರಾಡುಗಳ ತುದಿಯನ್ನು ಚೌಕಟ್ಟಿಗೇ ಕಟ್ಟಿಹಾಕಬೇಕು. ಕಟ್ಟಿದ ಜಾಗವೂ ಸಲಾಕಿಯ ಉದ್ದವೂ ಸರಿಯಿಲ್ಲದಿದ್ದರೆ ಗಾಲಿ ಉಬ್ಬುತಗ್ಗಿನಲ್ಲಿ ಏರಿಳಿಯುವಾಗಲೆಲ್ಲ ತಾನಾಗಿ ಅತ್ತಿತ್ತ ಹೊರಳುತ್ತದೆ. ಓಡಿಸುವವನು ಚಕ್ರ ತಿರುಗಿಸದೆಯೇ ವಾಹನ ತಿರುಗುತ್ತದೆ ಎಂದರೆ ಅದರ ಅಪಾಯ ನನ್ನಂಥವನಿಗೂ ಅರ್ಥವಾಯಿತು.

ನನಗೆ ಹೆದರಿಕೆ ಹುಟ್ಟಿಸಿದ ಇನ್ನೊಂದು ಸಂಗತಿಯಿತ್ತು. ಹಣ ಸಾಲದೆ ಅವನು ಪಂಜರವನ್ನು ಮನೆಗೆ ನೀರು ತರುವ ಪೈಪುಗಳಿಂದ ಕಟ್ಟಿದ್ದನು. ವಾಹನ ಉರುಳಿದಾಗ ಒಳಗಿನವನ ತಲೆ ಉಳಿಯುವುದು ಆ ಪಂಜರದಿಂದ. ಹುಡುಗರು ಅದನ್ನು ಕೇಜ್ ಎನ್ನುತ್ತಾರೆ. ಬಾಹಾ ಸ್ಪರ್ಧೆಯ ನಿಯಮಾವಳಿ ಅವನ ಬಳಿಯೇ ಇತ್ತು. ಮುಖ್ಯ ಪೈಪುಗಳ ಹೊರವ್ಯಾಸ ೨೫.೪ ಮಿಲಿಮೀಟರು, ಗೋಡೆಯ ದಪ್ಪ ೩ ಮಿಲಿಮೀಟರು, ಉಕ್ಕಿನಲ್ಲಿ ಇಂಗಾಲದ ಅಂಶ ಕಡೆಯ ಪಕ್ಷ ಶೇಕಡಾ ೦.೧೮ ಇರಬೇಕೆಂದೂ, ಕಟ್ಟಿಕೊಂಡ ಪಟ್ಟಿಗಳನ್ನು ಬಿಚ್ಚಿ ಚಾಲಕನು ೫ ಸೆಕೆಂಡುಗಳಲ್ಲಿ ಹೊರಗೆ ಬರಬೇಕೆಂದೂ ಅದರಲ್ಲಿ ಬರೆದಿದೆ. "ಗೊತ್ತಿದ್ದೂ ನೀರಿನ ಪೈಪು ಯಾಕೆ ಹಾಕಿದೆ?" ಎಂದು ಕೇಳಿದೆ. ಅವನು ತಲೆ ತಗ್ಗಿಸಿ, "ಆಮೇಲೆ ಬದಲಾಯಿಸೋಣ ಅಂತ" ಎಂದನು. ಆಮೇಲೆ ಎಂಬ ಮಾತಿನ ಮೇಲೆ ನಿಂತ ಪಂಜರದಲ್ಲಿ ನನ್ನ ಅಕ್ಕನ ಮಗ ಕೂರುವುದು ನನಗೆ ಸಮ್ಮತವಾಗಲಿಲ್ಲ. ತಡೆಯಲು ಹೋದವನು ತುಮಕೂರಿಗೆ ಹೋಗಿ, ಬೆಸುಗೆಯ ಗೆರೆಯಿಲ್ಲದ ಉಕ್ಕಿನ ಕೊಳವೆಗಳನ್ನು ನನ್ನ ಹಣದಿಂದಲೇ ಕೊಡಿಸಿಕೊಂಡು ಬಂದೆನು. ಅಕ್ಕ ಆ ದಿನ ನನ್ನೊಡನೆ ಮಾತನಾಡಲಿಲ್ಲ.

ಪಂಜರವನ್ನು ಮತ್ತೆ ಮೊದಲಿನಿಂದ ಕಟ್ಟಿದೆವು. 'ದೆವು' ಎಂದುದಕ್ಕೆ ಓದುಗರು ನಗಬಾರದು. ಕೊಳವೆಯ ತುದಿಯನ್ನು ಹಿಡಿದು ನಿಲ್ಲುವುದೂ ಒಂದು ಕೆಲಸವೇ. ಒಂದು ಕೊಳವೆ ಇನ್ನೊಂದರ ಮೈಗೆ ತಾಗುವ ಕಡೆ ಅದರ ತುದಿಯನ್ನು ಮೀನಿನ ಬಾಯಂತೆ ಕೊರೆದು, ಸಂದಿಲ್ಲದೆ ಕೂರುವ ತನಕ ಅರದಿಂದ ಉಜ್ಜಬೇಕು. ಮೊದಲು ಅಲ್ಲಲ್ಲಿ ಚುಕ್ಕೆಯಿಟ್ಟು ಹಿಡಿಸಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡು ಕರ್ಣಗಳೂ ಸಮನಾಗಿವೆಯೇ ಎಂದು ನೋಡಿ, ಆಮೇಲೆ ಪೂರ್ತಿ ಬೆಸೆಯಬೇಕು. ಒಂದೇ ಕಡೆ ಬೆಸೆಯುತ್ತ ಹೋದರೆ ಕಾವಿಗೆ ಚೌಕಟ್ಟು ಸೊಟ್ಟಗಾಗುತ್ತದೆ. ಬೆಸುಗೆ ಹಾಕಿದವರು ಊರಿನ ವೆಲ್ಡಿಂಗ್ ಅಂಗಡಿಯ ಹಿರಿಯರು. ಮೊದಲೆರಡು ದಿನ ಹುಡುಗನ ನಕ್ಷೆಯನ್ನು ಅನುಮಾನದಿಂದ ನೋಡುತ್ತಿದ್ದವರು ಮೂರನೆಯ ದಿನ ತಾವೇ ಬೆಳಗ್ಗೆ ಆರಕ್ಕೆ ಬಂದು ಕೊಟ್ಟಿಗೆಯ ಬಾಗಿಲು ತಟ್ಟಿದರು. ಕಿಟ್ಟವನ್ನು ಸುತ್ತಿಗೆಯಿಂದ ಉದುರಿಸಿ ಕೆಳಗಿನ ಗೆರೆಯನ್ನು ತೋರಿಸುತ್ತ, "ಕರಗಿದ್ದು ಕಾಣ್ತದೆ ಸ್ವಾಮಿ, ಕೂಡಿದ್ದು ಕಾಣಲ್ಲ" ಎಂದರು. ಮೇಲೆ ಹಾವಿನ ಹೊಟ್ಟೆಯಂತೆ ಅಂದವಾಗಿರುವ ಬೆಸುಗೆ ಒಳಗೆ ಇಳಿಯದೆಯೇ ಇರಬಹುದು. ಕಾವು ಸಾಲದಿದ್ದರೆ, ತುಕ್ಕನ್ನೋ ಬಣ್ಣವನ್ನೋ ಉಜ್ಜಿ ತೆಗೆಯದಿದ್ದರೆ ಹಾಗಾಗುತ್ತದೆ. ಎಷ್ಟೋ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳೂ, ಮುಚ್ಚುಮರೆಯೇಕೆ, ನನ್ನವೇ ಕೆಲವು ಲೇಖನಗಳೂ ಆಗ ನೆನಪಿಗೆ ಬಂದವು.

ಬಗ್ಗಿ ಓಡಿದ್ದು ಮೇ ತಿಂಗಳ ಕೊನೆಯಲ್ಲಿ. ರಸ್ತೆಯ ಮೇಲೆ ಅದನ್ನು ಬಿಡುವಂತಿಲ್ಲ. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಸೆಕ್ಷನ್ನು ತಡೆಯುತ್ತದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿದಿದೆ. ಕಾನೂನು ಸರಿಯಾದುದೇ. ಊರಿನ ಬೀದಿಯಲ್ಲಿ ಮಕ್ಕಳು ಆಡುತ್ತವೆ. ಆದಕಾರಣ ಅದನ್ನು ಟ್ರಾಕ್ಟರಿನ ಟ್ರೇಲರಿಗೆ ಏರಿಸಿ, ಬತ್ತಿಹೋದ ಕೆರೆಯ ಪಕ್ಕದ ನಮ್ಮದೇ ಬೀಳು ಹೊಲಕ್ಕೆ ಕೊಂಡೊಯ್ದೆವು. ಹುಡುಗನು ಶಿರಸ್ತ್ರಾಣ ತೊಟ್ಟು, ಪಟ್ಟಿಗಳನ್ನು ಬಿಗಿದುಕೊಂಡು ಕುಳಿತನು. ನಾನು ಕೆರೆಯ ಏರಿಯ ಮೇಲೆ ನಿಂತೆ. ಮೂರು ಸುತ್ತು ಚೆನ್ನಾಗಿ ಓಡಿತು. ಕೆಂಧೂಳು ಎದ್ದು ಗೊಬ್ಬಳಿಮರಗಳ ಮೇಲೆ ಕೂರುತ್ತಿತ್ತು. ನಾಲ್ಕನೆಯ ಸುತ್ತಿನಲ್ಲಿ ಬದುವನ್ನು ಹಾರಿ ಇಳಿದಾಗ ಬಲಗಡೆಯ ಹಿಂದಿನ ಗಾಲಿ ಹೊರಕ್ಕೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡೆನು. ಬಗ್ಗಿ ತನ್ನನ್ನೇ ತಾನು ಸುತ್ತಿ, ಎಡಕ್ಕೆ ಬಾಗಿ, ಒಂದು ಸಲ ಪೂರ್ತಿ ಉರುಳಿ, ಪಕ್ಕಕ್ಕೆ ಬಿದ್ದಿತು.

ಏರಿಯಿಂದ ಹೊಲಕ್ಕೆ ಹೇಗೆ ಇಳಿದೆನೋ ನನಗೆ ನೆನಪಿಲ್ಲ. ನಾನು ಮುಟ್ಟುವಷ್ಟರಲ್ಲಿ ಅವನು ಹೊರಗೆ ಬಂದು ನಿಂತಿದ್ದನು. ಎಡ ಮೊಣಕೈ ತರಚಿತ್ತು, ಅಷ್ಟೇ. ಪಂಜರ ಒಂದು ಕಡೆ ಅರ್ಧ ಅಂಗುಲ ತಗ್ಗಿತ್ತು. ಅವನು ನನ್ನ ಕಡೆಗೂ ನೋಡದೆ ಮಂಡಿಯೂರಿ ಹಿಂದಿನ ಗಾಲಿಯ ಒಳಗೆ ಕೈಹಾಕಿ ಒಂದು ತುಂಡನ್ನು ತೆಗೆದನು. ಟೈ ರಾಡನ್ನು ಚೌಕಟ್ಟಿಗೆ ಕಟ್ಟಿದ್ದ ಅಂಗೈಯಗಲದ ತಗಡಿನ ಪಟ್ಟಿ. ಅದೊಂದನ್ನು ಹಿಂದಿನ ರಾತ್ರಿ ಅವಸರದಲ್ಲಿ ಅವನೇ ಬೆಸೆದಿದ್ದನು. ಕಿತ್ತುಬಂದ ಕಡೆ ಹಳೆಯ ಬಣ್ಣ ಹಾಗೆಯೇ ಹೊಳೆಯುತ್ತಿತ್ತು. ವೆಲ್ಡಿಂಗ್ ಹಿರಿಯರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಏನೂ ಅನ್ನದೆ ತಮ್ಮ ಜೇಬಿಗೆ ಹಾಕಿಕೊಂಡರು.

ಅಕ್ಕನಿಗೆ ಹೇಳುವುದು ಹೇಗೆಂದು ಸಂಜೆಯವರೆಗೂ ಯೋಚಿಸಿದೆವು. ಟ್ರಾಕ್ಟರಿನವನು ಮಧ್ಯಾಹ್ನವೇ ಹೇಳಿಬಿಟ್ಟಿದ್ದನು. ಆಕೆ ಮಗನ ಮೊಣಕೈಗೆ ಅರಿಸಿನ ಹಚ್ಚುತ್ತ ನನ್ನನ್ನು ಕೇಳಿದಳು: "ಆ ನೀರಿನ ಪೈಪೇ ಇದ್ದಿದ್ರೆ?" ನಾನು ಉತ್ತರ ಕೊಡಲಿಲ್ಲ. ಆಕೆಯೂ ಮತ್ತೆ ಕೇಳಲಿಲ್ಲ. ಬಗ್ಗಿಯನ್ನು ಗುಜರಿಗೆ ಹಾಕೆಂದು ಹೇಳುತ್ತಾಳೆಂದು ನಾವಿಬ್ಬರೂ ಕಾದಿದ್ದೆವು. ಹೇಳಲಿಲ್ಲ. "ಮುಂದಿನ ಸಲ ನಾನೂ ಬರ್ತೀನಿ ನೋಡೋಕೆ" ಎಂದಳು.

ಮೇಯರ್ಸನ ಕಥೆಯಲ್ಲಿ ನನ್ನನ್ನು ಕಾಡಿದ ಭಾಗವನ್ನು ಇಷ್ಟು ಹೊತ್ತೂ ಹೇಳಲಿಲ್ಲ. ಅವನ ಬಗ್ಗಿ ಪ್ರಸಿದ್ಧವಾದ ಕೂಡಲೇ ಅದನ್ನು ನಕಲು ಮಾಡುವವರು ಹುಟ್ಟಿಕೊಂಡರು. ಒಂದು ಮೈಯನ್ನು ಕೊಂಡು ಅದರಿಂದಲೇ ಅಚ್ಚು ತೆಗೆದರೆ ಮುಗಿಯಿತು; ಅವನು ತಿಂಗಳುಗಟ್ಟಲೆ ಉಜ್ಜಿದ ರೇಖೆ ಒಂದು ವಾರದಲ್ಲಿ ಪರರ ಪಾಲು. ಅವನು ನ್ಯಾಯಾಲಯಕ್ಕೆ ಹೋದನು, ಸೋತನು. ೧೯೭೧ರಲ್ಲಿ ಅವನ ಕಂಪನಿ ಮುಚ್ಚಿತು. ಅವನ ಕೈಯಿಂದ ಹೊರಟ ಬಗ್ಗಿಗಳು ಸುಮಾರು ೬,೦೦೦. ಲೋಕದಲ್ಲಿ ಹುಟ್ಟಿದ ನಕಲುಗಳು ೨,೫೦,೦೦೦ಕ್ಕೂ ಹೆಚ್ಚೆಂದು ಅಂದಾಜು. ಕನ್ನಡದ ಮೇಷ್ಟರಿಗೆ ಇಲ್ಲಿ ಜನಪದ ತ್ರಿಪದಿಯ ನೆನಪು ಬರುವುದು ಸಹಜ. ಬೀಸುವ ಕಲ್ಲಿನ ಮುಂದೆ ಯಾವಳೋ ಒಬ್ಬಳು ಮೊದಲು ಹಾಡಿದಳು. ಸಾವಿರ ಮನೆಗಳಿಗೆ ಅದು ಹೋಯಿತು. ಅವಳ ಹೆಸರು ಅಳಿಯಿತು. ನಾವು ಅದನ್ನು ಪಾಠ ಮಾಡುವಾಗ ಸಮುದಾಯದ ಸೃಷ್ಟಿ ಎಂದು ಗಂಭೀರವಾಗಿ ಹೇಳುತ್ತೇವೆ. ಆ ಒಬ್ಬಳನ್ನು ಕೇಳಿದ್ದರೆ ಏನೆನ್ನುತ್ತಿದ್ದಳೋ? ಮೇಯರ್ಸನಿಗಂತೂ ಸಂಕಟವಾಯಿತು, ಬಹುಕಾಲ ಬಗ್ಗಿಗಳಿಂದ ದೂರವಾಗಿಯೇ ಇದ್ದನು. ಅವನಿಗೆ ಆದುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆ ಅನ್ಯಾಯವಾಗದಿದ್ದರೆ ಬಗ್ಗಿ ಇಷ್ಟು ಗ್ಯಾರೇಜುಗಳನ್ನು ಹೊಕ್ಕುತ್ತಿರಲಿಲ್ಲವೆಂಬುದೂ ನಿಜ. ಈ ಎರಡನ್ನೂ ಒಟ್ಟಿಗೆ ಹಿಡಿಯುವ ವಾಕ್ಯ ನನಗಿನ್ನೂ ಸಿಕ್ಕಿಲ್ಲ. ಮುಂದೆ, ೧೯೯೦ರ ದಶಕದಲ್ಲಿ, ಬಗ್ಗಿಯ ಅಭಿಮಾನಿಗಳೇ ಅವನನ್ನು ಹುಡುಕಿ ಕರೆದರು. ಅವನು ಮರಳಿದನು, ಮತ್ತೆ ಬಗ್ಗಿಗಳನ್ನು ಮಾಡಿದನು. ೨೦೧೪ರಲ್ಲಿ ಓಲ್ಡ್ ರೆಡ್ ಅಮೆರಿಕೆಯ ಐತಿಹಾಸಿಕ ವಾಹನಗಳ ರಾಷ್ಟ್ರೀಯ ದಾಖಲೆಗೆ ಸೇರಿತು. ೨೦೨೧ರ ಫೆಬ್ರವರಿಯಲ್ಲಿ, ೯೪ನೆಯ ವಯಸ್ಸಿನಲ್ಲಿ, ಮೇಯರ್ಸ್ ತೀರಿಕೊಂಡನು.

ರಜೆ ಮುಗಿದು ನಾನು ಹೊರಡುವ ಹಿಂದಿನ ದಿನ, ಪಕ್ಕದ ಹಳ್ಳಿಯಿಂದ ಇಬ್ಬರು ಹುಡುಗರು ಬಂದರು. ಐ.ಟಿ.ಐ. ಓದುವವರಂತೆ. ಬಗ್ಗಿ ಉರುಳಿದ ಸುದ್ದಿ ಕೇಳಿ ನೋಡಲು ಬಂದಿದ್ದರು. ಅವರ ಮನೆಯಲ್ಲಿಯೂ ಓಡದ ಮಾರುತಿಯೊಂದಿದೆ. ಸ್ವಲ್ಪ ಹೊತ್ತು ಸುತ್ತಿ ಸುತ್ತಿ ನೋಡಿ, ಸಂಕೋಚದಿಂದ ಜೇಬಿನಿಂದ ಟೇಪನ್ನು ತೆಗೆದು, "ಅಣ್ಣ, ಅಳತೆ ತಗೋಬೋದಾ?" ಎಂದರು. ನಾನು ನನ್ನ ಅಳಿಯನ ಮುಖವನ್ನು ನೋಡಿದೆ. ಎರಡು ತಿಂಗಳ ಕೈಗುಳ್ಳೆಗಳು, ನನ್ನ ಹಣ, ಅಕ್ಕನ ನಿದ್ದೆಗೆಟ್ಟ ರಾತ್ರಿಗಳು ಎಲ್ಲವೂ ಆ ಪಂಜರದಲ್ಲಿದ್ದವು. ಅವನು ಒಂದು ಕ್ಷಣ ಸುಮ್ಮನಿದ್ದನು. ಆಮೇಲೆ ಹೋಗಿ ಟೇಪಿನ ಇನ್ನೊಂದು ತುದಿಯನ್ನು ಹಿಡಿದುಕೊಂಡು, "ಇಲ್ಲಿ ಹಿಡಿ. ಈ ಪಟ್ಟಿ ನೀವು ಮಾಡೋವಾಗ ಒಂದಿಷ್ಟು ದಪ್ಪದ ತಗಡು ತಗೊಳ್ಳಿ. ಬಣ್ಣ ಮೊದಲು ಉಜ್ಜಿಬಿಡಿ. ನಾನು ಕೆಟ್ಟಿದ್ದು ಅಲ್ಲೇ" ಎಂದನು.